ಅತಿಶಯೋಕ್ತಿಯ ಅಳತೆಗೋಲು

ಜಯನಗರದ ಹಳೆಯ ನಿವಾಸಿಗಳನ್ನು ಮಾತಿಗೆಳೆದರೆ ಒಂದು ವಾಕ್ಯ ಬಂದೇ ಬರುತ್ತದೆ: "ನಮ್ಮದು ಏಷ್ಯಾ ಖಂಡದಲ್ಲೇ ಅತ್ಯಂತ ದೊಡ್ಡ ಬಡಾವಣೆಯಾಗಿತ್ತು." ಅಳೆದವರು ಯಾರು, ಏಷ್ಯಾದ ಉಳಿದ ಬಡಾವಣೆಗಳ ವಿಸ್ತೀರ್ಣವೆಷ್ಟು ಎಂದು ಯಾರೂ ಕೇಳುವುದಿಲ್ಲ. ಬನಶಂಕರಿಯ ಪರವಾಗಿಯೂ ಇದೇ ಮಾತನ್ನು ಕೇಳಿದ್ದೇನೆ. ಎರಡೂ ಒಟ್ಟಿಗೆ ನಿಜವಾಗಲಾರವು ಎಂಬುದು ಬೇರೆ ವಿಷಯ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಊರಾಚೆಯ ಬಯಲಿನಲ್ಲಿ ಮೊದಲಾದ ಜಯನಗರದ ನೇರ ಬೀದಿಗಳನ್ನೂ ಬ್ಲಾಕುಗಳನ್ನೂ ಪೇಟೆಯ ಇಕ್ಕಟ್ಟಿನಿಂದ ಬಂದು ಕಂಡವರಿಗೆ ಏಷ್ಯಾಕ್ಕಿಂತ ಚಿಕ್ಕ ಅಳತೆ ಸಾಲದೆ ಹೋಗಿರಬೇಕು. ಆ ಮಾತು ಅಳೆಯುವುದು ನೆಲವನ್ನಲ್ಲ, ಬೆರಗನ್ನು.

ಇಂಥ ಮಾತನ್ನು ನಾವು ಸಾಮಾನ್ಯವಾಗಿ 'ಉತ್ಪ್ರೇಕ್ಷೆ' ಎನ್ನುತ್ತೇವೆ. ಬಳಕೆಯಲ್ಲಿ ಅದು ಸರಿಯೇ. ಅಲಂಕಾರಶಾಸ್ತ್ರದಲ್ಲಿ ಮಾತ್ರ ಉತ್ಪ್ರೇಕ್ಷೆ ಎಂದರೆ ಬೇರೆ. ಗುಲ್‌ಮೊಹರ್ ಹೂವು ಉದುರಿ ಕೆಂಪಾದ ಬೀದಿಯನ್ನು ಕಂಡು "ರಸ್ತೆಗೇ ನಾಚಿಕೆಯಾಯಿತೋ ಏನೋ" ಎಂದರೆ ಅದು ಉತ್ಪ್ರೇಕ್ಷೆ: ಒಂದನ್ನು ಮತ್ತೊಂದೆಂದು ಸಂಭಾವಿಸುವುದು. ಮೇರೆ ಮೀರಿ ಹೇಳುವುದಕ್ಕೆ ಶಾಸ್ತ್ರದ ಹೆಸರು ಅತಿಶಯೋಕ್ತಿ. ಸುಮಾರು 850ರಲ್ಲಿ, ನೃಪತುಂಗನ ಕಾಲದಲ್ಲಿ ಶ್ರೀವಿಜಯನಿಂದ ರಚಿತವಾದ 'ಕವಿರಾಜಮಾರ್ಗ'ದಲ್ಲಿಯೇ ಅತಿಶಯಕ್ಕೆ ಸ್ಥಾನವುಂಟು. ಅದಕ್ಕೆ ಬಹುಮಟ್ಟಿಗೆ ಆಧಾರವಾದ 'ಕಾವ್ಯಾದರ್ಶ'ದಲ್ಲಿ ದಂಡಿ, ಉಳಿದ ಅಲಂಕಾರಗಳಿಗೂ ಇದೇ ಆಶ್ರಯವೆನ್ನುವಷ್ಟು ದೊಡ್ಡ ಪೀಠವನ್ನು ಇದಕ್ಕೆ ಕೊಟ್ಟಿದ್ದಾನೆ. ಆದರೆ ಅದೇ ದಂಡಿ ಇನ್ನೊಂದು ಕಡೆ, ಲೋಕದ ಅನುಭವವನ್ನು ಮೀರದ ಹಿತವಾದ ವರ್ಣನೆಯನ್ನು 'ಕಾಂತಿ' ಎಂಬ ಗುಣವೆಂದು ಹೊಗಳಿ, ಅದನ್ನು ಮೀರಿದ್ದನ್ನು 'ಅತ್ಯುಕ್ತಿ' ಎಂದು ಕರೆದು, ಗೌಡಮಾರ್ಗದವರಿಗೆ ಪ್ರಿಯವಾದದ್ದೆಂದು ಬೇರ್ಪಡಿಸಿಟ್ಟ. ಕಾಂತಿಯನ್ನು ಅವನು ಕಾವ್ಯದಲ್ಲಿ ಮಾತ್ರವಲ್ಲದೆ ಜನರ ಉಪಚಾರದ ಮಾತುಕತೆಯಲ್ಲಿಯೂ ಗುರುತಿಸಿದ. ಮನೆಯ ಮಾತನ್ನೂ ಕಿವಿಗೊಟ್ಟು ಕೇಳಿದ ಲಾಕ್ಷಣಿಕ ಅವನು.

ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರು 'ಕುವಲಯಾನಂದ'ದಲ್ಲಿ ಅತಿಶಯೋಕ್ತಿಯನ್ನು ಹಲವು ಬಗೆಯಾಗಿ ವಿಂಗಡಿಸಿದರು. ಪಂಡಿತರ ಕೂದಲು ಸೀಳುವ ಕೆಲಸವೆಂದು ನಗುವವರು ನಮ್ಮ ದಕ್ಷಿಣ ಬೆಂಗಳೂರಿನ ಮಳೆಗಾಲದ ಒಂದು ಸಂಜೆಯನ್ನು ನೆನೆಯಲಿ. "ಮೊದಲ ಹನಿ ಬೀಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು" ಎಂದರೆ ಕಾರಣ, ಕಾರ್ಯಗಳು ಒಟ್ಟಿಗೇ ಆದವು, ಇದು ಅಕ್ರಮಾತಿಶಯೋಕ್ತಿ. "ಮಳೆ ಎಂದು ಬಾಯಲ್ಲಿ ಅಂದರೆ ಸಾಕು, ಕರೆಂಟು ಹೋಗುತ್ತೆ" ಎಂದರೆ ಕಾರಣದ ಹೆಸರೆತ್ತಿದ್ದಕ್ಕೇ ಕಾರ್ಯವಾಯಿತು, ಇದು ಚಪಲಾತಿಶಯೋಕ್ತಿ. "ಮೋಡ ಕಟ್ಟೋ ಮೊದಲೇ ಹೋಗಿರುತ್ತೆ" ಎಂದರೆ ಕಾರ್ಯವೇ ಮುಂದೆ, ಕಾರಣ ಹಿಂದೆ, ಇದು ಅತ್ಯಂತಾತಿಶಯೋಕ್ತಿ. ತಂದೆ ಮನೆಗೆ ಬಂದದ್ದನ್ನು ಕಂಡು ಮಕ್ಕಳು ಪಿಸುಮಾತಿನಲ್ಲಿ "ಹುಲಿ ಬಂತು" ಎಂದರೆ, ತಂದೆಯ ಹೆಸರನ್ನೇ ಹುಲಿ ನುಂಗಿತು; ಇದು ರೂಪಕಾತಿಶಯೋಕ್ತಿ. ಯಾವ ಗೃಹಿಣಿಯೂ ದೀಕ್ಷಿತರನ್ನು ಓದಿ ಮೇಣದ ಬತ್ತಿ ಹುಡುಕುವುದಿಲ್ಲ. ಭಾಷೆ ಮೊದಲೇ ಮಾಡಿಟ್ಟದ್ದನ್ನು ಶಾಸ್ತ್ರ ಹೆಸರಿಟ್ಟು ಕರೆಯಿತು, ಅಷ್ಟೆ.

ಹಾಗಾದರೆ ಅತಿಶಯೋಕ್ತಿಗೂ ಸುಳ್ಳಿಗೂ ಭೇದವೇನು? ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ ಸಿಲ್ಕ್ ಬೋರ್ಡ್ ಕೂಡುರಸ್ತೆಯಿದೆ. ಅಲ್ಲಿ ಸಿಕ್ಕಿಕೊಂಡವರೊಬ್ಬರು "ಸಿಗ್ನಲ್ ಬಳಿ ನಿಂತಾಗ ಹುಟ್ಟಿದ ಮಗು, ದಾಟುವಷ್ಟರಲ್ಲಿ ಎಸ್.ಎಸ್.ಎಲ್.ಸಿ. ಪಾಸಾಗಿತ್ತು" ಎಂದರೆ ಕೇಳುವವರು ಗಡಿಯಾರ ನೋಡುವುದಿಲ್ಲ, ನಗುತ್ತಾರೆ. ನಂಬಬಾರದೆಂಬುದು ಇಬ್ಬರಿಗೂ ತಿಳಿದಿದೆ. "ನಲವತ್ತು ನಿಮಿಷ ತಡವಾಯಿತು" ಎಂಬ ಸತ್ಯವಾಕ್ಯ ಹೇಳಲಾರದ ಬೇಸರವನ್ನು ಈ ಅಸತ್ಯ ಹೇಳಿತು.

ಈಗ ಇನ್ನೊಂದು ವಾಕ್ಯವನ್ನು ನೋಡೋಣ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ಊರಿನಲ್ಲಿ ಮೆಟ್ರೋ ಎಲ್ಲಿ ಬಂದರೂ ಅದರ ಸುತ್ತ ಮನೆ ಮಾರುವವರ ಒಂದು ಮಾತು ಹಬ್ಬುತ್ತದೆ: "ಮೆಟ್ರೋ ನಿಲ್ದಾಣದಿಂದ ಐದೇ ನಿಮಿಷ." ಯಾವ ವಾಹನದಲ್ಲಿ, ಯಾವ ಹೊತ್ತಿನಲ್ಲಿ ಎಂಬುದಿಲ್ಲ. ಹದಿನೈದು ವರ್ಷದ ಮಗುವಿನ ಮುಂದೆ ಈ ಐದು ನಿಮಿಷ ಎಷ್ಟು ವಿನಯದ ಮಾತು! ಆದರೆ ಇದು ನಂಬಲೆಂದೇ ಆಡಿದ್ದು. ನಿವೃತ್ತ ಗುಮಾಸ್ತರೊಬ್ಬರು ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ಸುರಿದು ಮನೆ ಕೊಂಡ ಮೇಲೆ, ಮೊಣಕಾಲು ನೋವಿನ ಹೆಂಡತಿಯೊಡನೆ ಆ ಐದು ನಿಮಿಷವನ್ನು ನಡೆದು ನೋಡಬೇಕಾಗುತ್ತದೆ. ಅತಿಶಯೋಕ್ತಿ ತನ್ನ ವೇಷವನ್ನು ತಾನೇ ತೋರಿಸಿಕೊಂಡು ರಂಗಕ್ಕೆ ಬರುತ್ತದೆ. ಇದು ಅಂಕಿಯ ಅಂಗಿ ತೊಟ್ಟು ಲೆಕ್ಕದವನಂತೆ ಮನೆಯೊಳಗೆ ಬರುತ್ತದೆ. ಗಾತ್ರದಲ್ಲಿ ಚಿಕ್ಕದೆಂದು ಇದನ್ನು ಅಲಂಕಾರದ ಪಕ್ಕದಲ್ಲಿ ಕೂರಿಸಲಾಗದು. ಏಷ್ಯಾದ ಬಡಾವಣೆಯ ಮಾತು ಹೆಮ್ಮೆಯಾಗಿರುವವರೆಗೆ ಚೆಂದ. ನಿವೇಶನದ ಜಾಹೀರಾತಿಗೆ ಇಳಿದರೆ ಅದಕ್ಕೂ ಇದೇ ಗತಿ.

ಅತಿಶಯೋಕ್ತಿ ಹೊಸ್ತಿಲಲ್ಲೇ ನಿಂತುಬಿಡುವ ಜಾಗವೂ ಒಂದುಂಟು. ಬಿ.ಟಿ.ಎಂ.ನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 900ರ ಕಾಲದ ಒಂದು ಚಿಕ್ಕ ಕನ್ನಡ ಶಾಸನವಿದೆ. ಬೆಂಗಳೂರಿನ ಹೆಸರು ಕಾಣಿಸುವ ಅತಿ ಹಳೆಯ ದಾಖಲೆಗಳಲ್ಲಿ ಒಂದೆಂದು ಅದಕ್ಕೆ ಪ್ರಸಿದ್ಧಿ. 'ಕವಿರಾಜಮಾರ್ಗ' ಹುಟ್ಟಿ ಆಗ ಅರ್ಧ ಶತಮಾನ. ರಾಜರ ಪ್ರಶಸ್ತಿಗಳಲ್ಲಿ ಸಮುದ್ರಗಳು ಬತ್ತುತ್ತಿದ್ದ, ದಿಕ್ಕುಗಳು ನಡುಗುತ್ತಿದ್ದ ಕಾಲ. ಬೇಗೂರಿನ ಕಲ್ಲಿನಲ್ಲಿ ಅದೊಂದೂ ಇಲ್ಲ. ನಾಗತ್ತರನ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ಹೇಳುತ್ತದೆ. ಅವನ ಬಾಣಗಳು ಸೂರ್ಯನನ್ನು ಮುಚ್ಚಲಿಲ್ಲ, ಅವನಿಗಾಗಿ ಭೂಮಿ ಅಳಲಿಲ್ಲ. ಒಬ್ಬ ಮನುಷ್ಯ, ಒಂದು ಊರು, ಒಂದು ಸಾವು. ಕಲ್ಲು ಕೆತ್ತಿದವನು ಅಷ್ಟಕ್ಕೇ ಉಳಿ ಕೆಳಗಿಟ್ಟಿದ್ದಾನೆ.