ಅರ್ಧ ತಯಾರಿ, ಐವತ್ತು ಕಿಲೋಮೀಟರ್

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದಕ್ಕಿಂತ ಉದ್ದದ ಓಟವೆಲ್ಲ ಅಲ್ಟ್ರಾ. ಆಗಸ್ಟ್‌ನಲ್ಲಿ ಹೈದರಾಬಾದ್ ಮ್ಯಾರಥಾನ್‌ನ ಫ್ಲೈಓವರ್‌ಗಳನ್ನು ಹತ್ತಿ ಇಳಿದವರಲ್ಲಿ ಕೆಲವರಿಗಾದರೂ ‘ಮುಂದೇನು?’ ಎನಿಸುತ್ತದೆ. ಇಲ್ಲಿನ ಕನ್ನಡಿಗರಿಗೆ ಉತ್ತರ ಊರಿನ ಕಡೆಯೇ ಇದೆ: ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ. ನಾನು 50 ಕಿ.ಮೀ.ಗೆ ಹೆಸರು ಕೊಟ್ಟಿದ್ದೆ.

ಆಮೇಲೆ ಆಫೀಸಿನಲ್ಲಿ ರಿಲೀಸ್ ಬಂತು, ಮನೆಯಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹೊರಡುವ ಹೊತ್ತಿಗೆ ನಾನು ಓಡಿದ್ದ ಅತಿ ಉದ್ದದ ದೂರ 24 ಕಿ.ಮೀ. ಕೊನೆಯ ಎರಡು ವಾರದಲ್ಲಿ ಬಾಕಿ ತೀರಿಸಲಾಗುವುದಿಲ್ಲ. ಸ್ನಾಯು ಗಟ್ಟಿಯಾಗಲು ವಾರಗಳೇ ಬೇಕು, ಸ್ನಾಯುರಜ್ಜುಗಳಿಗೆ ಇನ್ನೂ ಹೆಚ್ಚು. ಹಾಗಾಗಿ ಕೆಬಿಆರ್ ಪಾರ್ಕ್‌ನಲ್ಲಿ ನಡಿಗೆಯನ್ನಷ್ಟೇ ಇಟ್ಟುಕೊಂಡು, ಮೂರು ನಿಯಮ ಹಾಕಿಕೊಂಡು ಕಾಚಿಗುಡದಲ್ಲಿ ಬೆಂಗಳೂರಿನ ರೈಲು ಹತ್ತಿದೆ. ಏರು ಬಂದಲ್ಲೆಲ್ಲ ನಡಿಗೆ. ನೋವಿನ ಮಾತ್ರೆ ಬೇಡ. ಕುಂಟುವಂತಾದರೆ ಅಲ್ಲೇ ನಿಲ್ಲುವುದು.

ಎರಡನೆಯದಕ್ಕೆ ಕಾರಣವಿದೆ. ಗಂಟೆಗಟ್ಟಲೆ ಓಡಿ ಮೈಯಲ್ಲಿ ನೀರು ಕಡಿಮೆಯಾದಾಗ ಐಬುಪ್ರೊಫೇನ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಹಾಗೆಂದು ಬಾಯಾರದಿದ್ದರೂ ನೀರು ಕುಡಿಯುತ್ತಲೇ ಹೋದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಕೆಲವೊಮ್ಮೆ ಜೀವಕ್ಕೇ ಅಪಾಯ. ಬಾಯಾರಿದಷ್ಟು ಕುಡಿಯುವುದೇ ಲೇಸು.

ತೋಟದ ದಾರಿಯಲ್ಲಿ ಏರಿಗಿಂತ ಇಳಿಜಾರೇ ಹೆಚ್ಚು ಕಾಡಿತು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆತಕ್ಕೆ ಸಿಕ್ಕೇ ದೇಹದ ಭಾರ ತಡೆಯಬೇಕು. ಫ್ಲೈಓವರ್ ಇಳಿದ ಅಭ್ಯಾಸ ಇಲ್ಲಿಗೆ ಸಾಲದು. 30 ಕಿ.ಮೀ. ದಾಟಿದ ಮೇಲೆ ಬಲ ಮಂಡಿ ಹಿಡಿಯಿತು. ನೀರು ಕೊಡುತ್ತಿದ್ದ ಹೆಂಗಸು, “ನಡ್ಕೊಂಡಾದ್ರೂ ಹೋಗಿ ಸಾರ್, ಇಷ್ಟು ದೂರ ಬಂದಿದೀರಿ” ಎಂದರು. ಹೈದರಾಬಾದಿನ ರಸ್ತೆಗಳಲ್ಲಿ ಓಡುವಾಗ ಯಾರೂ ಹೀಗೆ ಕನ್ನಡದಲ್ಲಿ ಹುರಿದುಂಬಿಸಿದ್ದಿಲ್ಲ. ಆ ಒಂದು ಮಾತಿಗೆ ಇನ್ನೂ ನಾಲ್ಕು ಕಿ.ಮೀ. ನಡೆದೆ. ಮುಂದಿನ ಇಳಿಜಾರಿನಲ್ಲಿ ಕಾಲು ಎಳೆಯತೊಡಗಿತು. 36ನೇ ಕಿಲೋಮೀಟರಿನಲ್ಲಿ ಎದೆಯ ಮೇಲಿನ ನಂಬರ್ ಬಿಚ್ಚಿ ಕೊಟ್ಟೆ.

ಪದಕ ಸಿಗಲಿಲ್ಲ. ಮಂಗಳವಾರ ಅಮ್ಮನನ್ನು ಕಣ್ಣಿನ ತಪಾಸಣೆಗೆ ಕೈ ಹಿಡಿದು ಮೆಟ್ಟಿಲು ಹತ್ತಿಸುವಷ್ಟು ಕಾಲು ಉಳಿದಿತ್ತು.

ತಯಾರಿ ಕಡಿಮೆ ಇದ್ದವರು ಹೋಗಲೇಬಾರದು ಎನ್ನಲಾರೆ. ಆದರೆ ಯಾವಾಗ ನಿಲ್ಲಬೇಕೆಂಬುದನ್ನು ಮನೆಯಲ್ಲಿ, ತಲೆ ತಣ್ಣಗಿರುವಾಗಲೇ ತೀರ್ಮಾನಿಸಿಕೊಂಡು ಹೊರಡಿ. 30ನೇ ಕಿಲೋಮೀಟರಿನಲ್ಲಿ ದಣಿದ ತಲೆಯನ್ನು ಆ ಮಾತು ಕೇಳಬೇಡಿ.