ಉಳಿದಿರುವ ಶ್ರವಣ ಉಳಿಯಲಿ

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತಿನ ಕೊಳವೆ. ಯಕ್ಷಗಾನ ನೋಡುವಾಗ ಇದರ ಬುಡ ಭಾಗವತರ ತಾಳದ 'ಟಿಣ್' ಎಂಬ ತಾರಸ್ವರವನ್ನು, ತುದಿ ಮದ್ದಳೆಯ 'ಗುಂ' ಎಂಬ ಮಂದ್ರವನ್ನು ಹಿಡಿಯುತ್ತದೆ. ಕಾಕ್ಲಿಯಾದೊಳಗಿನ ಅಲೆಯ ಗುಟ್ಟು ಬಿಡಿಸಿದ ಬೆಕೆಸಿಯವರಿಗೆ 1961ರಲ್ಲಿ ನೊಬೆಲ್ ಬಂತು.

ಕೆಲವರಲ್ಲಿ ಬುಡದ ರೋಮಕೋಶಗಳು ನಾಶವಾದರೂ ತುದಿಯವು ಬದುಕಿರುತ್ತವೆ. ಬಸ್ಸಿನ ಗುಡುಗು ಕೇಳಿಸುತ್ತದೆ. ಮಾತಿನ 'ಸ', 'ಶ' ಕೇಳಿಸದು. ಅಂಥವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುವಾಗ, ಬುಡದಿಂದ ತೂರಿಸುವ ತಂತಿ ಒಳಪೊರೆಯನ್ನು ಹರಿದರೆ ಇದ್ದ ಶ್ರವಣವೂ ಹೋದೀತು. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟದು.

ಆದ್ದರಿಂದಲೇ ತೆಳುವಾದ, ಬಾಗುವ ತಂತಿಯನ್ನು ಬಲು ನಿಧಾನವಾಗಿ ಇಳಿಸುತ್ತಾರೆ. ಉರಿಯೂತ ತಡೆಯಲು ಸ್ಟೀರಾಯ್ಡ್ ಕೊಡುವುದುಂಟು. ತಾರಸ್ವರಕ್ಕೆ ಇಂಪ್ಲಾಂಟ್, ಮಂದ್ರಕ್ಕೆ ಶ್ರವಣಸಾಧನ: ಒಂದೇ ಕಿವಿಯಲ್ಲಿ ಈ ಜೋಡಿಯನ್ನು ಜರ್ಮನಿಯ ಫ್ರಾಂಕ್‌ಫರ್ಟ್ ವೈದ್ಯರು 1999ರಲ್ಲಿ ವರದಿ ಮಾಡಿದರು. ಗದ್ದಲದಲ್ಲಿ ಮಾತು ತಿಳಿಯಲು, ಹಾಡಿನ ಏರಿಳಿತ ಸವಿಯಲು ಇದು ನೆರವು.

ಎಲ್ಲರಲ್ಲೂ ಶ್ರವಣ ಉಳಿಯುವುದಿಲ್ಲ. ಉಳಿದದ್ದು ತಿಂಗಳುಗಳ ನಂತರ ಕುಂದುವುದೂ ಉಂಟು. ಹಾಗೆಂದು ಶಸ್ತ್ರಚಿಕಿತ್ಸೆ ಮುಂದೂಡಬಾರದು; ಪುಟ್ಟ ಮಕ್ಕಳು ಮಾತು ಕಲಿಯುವ ಕಾಲ ಕಾಯುವುದಿಲ್ಲ. ಕಾಪು, ಕಾರ್ಕಳ, ಉಡುಪಿಯಿಂದ ಮಗುವನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವ ತಂದೆತಾಯಂದಿರು ಶ್ರವಣಪರೀಕ್ಷೆಯ ಹಾಳೆ ಹಿಡಿದು ವೈದ್ಯರನ್ನು ಮೊದಲೇ ಕೇಳಲಿ: "ಇದರಲ್ಲಿ ಉಳಿದಿರುವುದೆಷ್ಟು? ಅದನ್ನು ಕಾಯುವುದು ಹೇಗೆ?"