ಬಡಿತ ಯಾರು ಎಣಿಸ್ತಿದ್ದೀರಿ?

ಹತ್ತು ಕೂಸುಗಳಲ್ಲಿ ಒಂಬತ್ತಕ್ಕೆ ನಮ್ಮ ಹಂಗಿಲ್ಲ. ಹುಟ್ಟುತ್ತಲೇ ಅತ್ತು ಅಮ್ಮನ ಎದೆ ಸೇರುತ್ತವೆ. ಹೆಚ್ಚುಕಡಿಮೆ ಒಂದಕ್ಕೆ ಉಸಿರೆಳೆಯಲು ನೆರವು ಬೇಕು. ಅದು ಯಾವುದೆಂದು ಎಷ್ಟೋ ಸಲ ಮೊದಲೇ ತಿಳಿಯುವುದಿಲ್ಲ. ಹಾಗಾಗಿ, ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್ ಆದ ನಾನು ಪ್ರತಿ ಹೆರಿಗೆಗೂ ಮುಂಚೆ ವಾರ್ಮರ್ ಹಾಕಿ, ಆಂಬು ಬ್ಯಾಗಿನ ಮಾಸ್ಕನ್ನು ಅಂಗೈಗೆ ಒತ್ತಿ ಹಿಂಡಿ ನೋಡುತ್ತೇನೆ. ಡಾಕ್ಟರನ್ನು ಕೇಳುವುದು ನಾಲ್ಕೇ: ದಿನ ತುಂಬಿದೆಯೇ? ನೀರು ತಿಳಿಯಾಗಿದೆಯೇ? ಬೇರೆ ತೊಂದರೆ ಇದೆಯೇ? ಹೊಕ್ಕುಳಬಳ್ಳಿ ಯಾವಾಗ ಕತ್ತರಿಸುತ್ತೀರಿ? ಆಮೇಲೆ ಕೆಲಸ ಹಂಚಿಕೆ. ಫ್ಯಾನ್ ಆರಿಸಿ, ಬೆಚ್ಚಗಿನ ಬಟ್ಟೆ ಹಿಡಿದು ನಿಲ್ಲುವ ಆಯಾ ಕೂಡ ತಂಡದವರೇ.

ಮಗು ಅಳದಿದ್ದರೆ ಒರೆಸಿ, ಬೆನ್ನು ಸವರುತ್ತೇವೆ. ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್ ಹಿಡಿಯಬೇಕು. ಒಬ್ಬರು ನಿಮಿಷಕ್ಕೆ 40ರಿಂದ 60 ಬಾರಿ ಗಾಳಿ ಕೊಡುತ್ತಾರೆ. ಇನ್ನೊಬ್ಬರು ಸ್ಟೆತಾಸ್ಕೋಪ್ ಇಟ್ಟು 6 ಸೆಕೆಂಡಿನ ಬಡಿತವನ್ನು ಹತ್ತರಿಂದ ಗುಣಿಸಿ ಕೂಗುತ್ತಾರೆ. ಎಲ್ಲರಿಗೂ ಕಾಣಲೆಂದು ಬಡಿತಕ್ಕೆ ಸರಿಯಾಗಿ ಬೆರಳು ಕುಟ್ಟುತ್ತಾರೆ. ಬಹುತೇಕ ಕೂಸುಗಳು ಇಷ್ಟಕ್ಕೇ ಚೇತರಿಸಿಕೊಳ್ಳುತ್ತವೆ. ಎದೆ ಉಬ್ಬುವಂತೆ ಗಾಳಿ ಹೋಗಿಯೂ ಬಡಿತ 60ಕ್ಕಿಂತ ಕೆಳಗಿದ್ದರೆ ಎದೆ ಒತ್ತಬೇಕು: ಮೂರು ಒತ್ತಿಗೆ ಒಂದು ಉಸಿರು, ನಿಮಿಷಕ್ಕೆ 90 ಮತ್ತು 30. 'ಒಂದು, ಎರಡು, ಮೂರು, ಉಸಿರು' ಎಂದು ಗಟ್ಟಿಯಾಗಿ ಎಣಿಸದಿದ್ದರೆ ಒತ್ತೂ ಗಾಳಿಯೂ ಡಿಕ್ಕಿ ಹೊಡೆಯುತ್ತವೆ.

(ವರ್ಜೀನಿಯಾ ಆಪ್ಗಾರ್ 1952ರಲ್ಲಿ ಕೊಟ್ಟ ಅಂಕಪಟ್ಟಿ ನೋಡಿ ನಾವು ಕೆಲಸ ಶುರುಮಾಡುತ್ತೇವೆಂದು ಹಲವರು ತಿಳಿದಿದ್ದಾರೆ. ಅದರ ಮೊದಲ ಅಂಕ ಬರೆಯುವುದೇ ಒಂದು ನಿಮಿಷಕ್ಕೆ. ಅಷ್ಟರಲ್ಲಿ ನಾವು ಅರ್ಧ ದಾರಿಯಲ್ಲಿರುತ್ತೇವೆ.)

ಕೈಚಳಕ ಬೊಂಬೆಯ ಮೇಲೆ ಕಲಿತರೆ ಬರುತ್ತದೆ. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ ಇರುವುದೇ ಅದಕ್ಕೆ. ಬಾಯಿ ಬಿಡುವುದೇ ಕಷ್ಟ. ಹಿರಿಯ ಡಾಕ್ಟರು ಬ್ಯಾಗ್ ಹಿಂಡುತ್ತಿರುವಾಗ "ಸರ್, ಎದೆ ಏಳ್ತಿಲ್ಲ" ಎನ್ನಲು ಹೊಸ ಹುಡುಗಿಗೆ ಗಂಟಲು ಕಟ್ಟುತ್ತದೆ. ಕುತ್ತಿಗೆ ಕೊಂಚ ಸರಿಪಡಿಸಿ ಮಾಸ್ಕ್ ಕೂರಿಸಿದರೆ ಸಾಕಿತ್ತು. ಅವಳಿಗೆ ಅದು ಗೊತ್ತೂ ಇರುತ್ತದೆ. ಅದಕ್ಕೇ ನಾನು ಪಾಳಿಯ ಆರಂಭದಲ್ಲೇ ಡಾಕ್ಟರ ಬಾಯಿಂದ "ತಪ್ಪು ಕಂಡರೆ ಹೇಳಿ" ಎಂದು ಎಲ್ಲರೆದುರು ಹೇಳಿಸುತ್ತೇನೆ. ಕೆಲವರಿಗೆ ಮುಜುಗರ. ಆಗಲಿ.

"ಯಾರಾದರೂ ಆಕ್ಸಿಜನ್ ತನ್ನಿ" ಎಂದರೆ ಯಾರೂ ತರುವುದಿಲ್ಲ. ಹೆಸರು ಹಿಡಿದೇ ಕರೆಯಬೇಕು. ಅಡ್ರಿನಲಿನ್ ಎಷ್ಟೆಂದು ಕೇಳಿಸಿಕೊಂಡವರು ಅಷ್ಟನ್ನೇ ತಿರುಗಿ ಹೇಳಿ, ಕೊಟ್ಟ ಮೇಲೆ "ಕೊಟ್ಟಾಯಿತು" ಎನ್ನಬೇಕು. ಮೇಜಿನ ಮೇಲೆ ಮಲಗಿರುವ ತಾಯಿಗೆ ಈ ಕೂಗೆಲ್ಲ ಕೇಳಿಸುತ್ತಿರುತ್ತದೆ. ಅವಳ ಬಳಿ ನಿಂತು ಏನು ನಡೆಯುತ್ತಿದೆಯೆಂದು ಹೇಳುವುದಕ್ಕೂ ನಮ್ಮಲ್ಲಿ ಒಬ್ಬರ ಹೆಸರು ಮೊದಲೇ ನಿಗದಿ.